ದೋಣಿಯನ್ನು ರಸ್ತೆಯಲ್ಲಿ ಸಾಗಿಸುವಾಗ ಔಟ್‌ಬೋರ್ಡ್ ಮೋಟಾರಿನ ರಕ್ಷಣೆ: ಗ್ರಾಮ ಪಂಚಾಯಿತಿಗಳು ತಿಳಿದಿರಬೇಕಾದ ಸಂಗತಿಗಳು

ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳಲ್ಲಿ ನೀರಿನ ಸ್ಥಿತಿಗತಿ ಒಂದೇ ತೆರನಾಗಿಲ್ಲ. ಕೂಡಲಿಯಲ್ಲಿ ತುಂಗೆ ಮತ್ತು ಭದ್ರೆ ಸಂಗಮಿಸಿ ತುಂಗಭದ್ರೆಯಾದ ತರುವಾಯ ನದಿಯು ನ್ಯಾಮತಿ, ಹೊನ್ನಾಳಿ ತಾಲ್ಲೂಕುಗಳ ಗ್ರಾಮಗಳನ್ನು ಹಾದು ಹರಿಹರದತ್ತ ಸಾಗುತ್ತದೆ. ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆಯ ವಿಸ್ತಾರವಾದ ಜಲರಾಶಿಯಿದೆ. ಜಗಳೂರು ಬರಪೀಡಿತ ತಾಲ್ಲೂಕೆಂದೇ ದಾಖಲಾಗಿದ್ದರೂ, 57 ಕೆರೆಗಳಿಗೆ ತುಂಗಭದ್ರೆಯ ನೀರು ಹರಿಸುವ ಯೋಜನೆಯಿಂದ ಅಲ್ಲಿಯೂ ಕೆರೆಗಳ ಚಿತ್ರ ಬದಲಾಗುತ್ತಿದೆ. ವರ್ಷಗಟ್ಟಲೆ ಬತ್ತಿದ್ದ ಕೆರೆಯಂಗಳದಲ್ಲಿ ಮಣ್ಣು ತೆಗೆದ ಗುಂಡಿಗಳಿದ್ದು, ನೀರು ತುಂಬಿದಾಗ ಅವುಗಳ ಆಳ ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಈಜು ಕಲಿಯುವ ಅವಕಾಶವೇ ಇಲ್ಲದೆ ಬೆಳೆದ ಮಕ್ಕಳಿರುವ ಊರುಗಳಿಗೆ ಇದು ಹೊಸ ಬಗೆಯ ಅಪಾಯವಾಗಿದೆ.

ನದಿ ತೀರದ ಗ್ರಾಮಗಳ ಅಪಾಯ ಹಳೆಯದು. ಗಾಜನೂರಿನ ತುಂಗಾ ಜಲಾಶಯದ ಸಾಮರ್ಥ್ಯ 3.24 ಟಿಎಂಸಿ ಮಾತ್ರ. ಮಲೆನಾಡಿನಲ್ಲಿ ಮಳೆ ಬಲವಾದರೆ ಅಲ್ಲಿ ನೀರು ನಿಲ್ಲುವುದಿಲ್ಲ. ಬಂದಷ್ಟೂ ಕೆಳಗೆ ಹರಿಯುತ್ತದೆ. 71 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಭದ್ರಾ ಜಲಾಶಯವು ಅದೇ ವೇಳೆಗೆ ಭರ್ತಿಯಾಗಿ ಕ್ರೆಸ್ಟ್ ಗೇಟ್ ತೆರೆಯಬೇಕಾಗಿ ಬಂದಲ್ಲಿ ಎರಡೂ ಹರಿವುಗಳು ಕೂಡಲಿಯಲ್ಲಿ ಕೂಡಿಕೊಳ್ಳುತ್ತವೆ. ಹೊನ್ನಾಳಿ ಪಟ್ಟಣದ ಬಾಲರಾಜ್ ಘಾಟ್ ಮುಂತಾದ ತಗ್ಗು ಪ್ರದೇಶದ ನಿವಾಸಿಗಳು ಮನೆ ಬಿಟ್ಟು ಕಾಳಜಿ ಕೇಂದ್ರಗಳಿಗೆ ತೆರಳಬೇಕಾದ ಸಂದರ್ಭಗಳು ಉಂಟಾಗುವುದು ಹೀಗೆಯೇ. ಗ್ರಾಮಗಳಿಗೆ ಮುನ್ಸೂಚನೆ ತಲುಪಿ ನೀರು ಏರುವವರೆಗೆ ದೊರೆಯುವ ಅವಧಿ ಕೆಲವು ಗಂಟೆಗಳಷ್ಟೇ.

ಇಂತಹ ಸಂದರ್ಭದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆ ಅಥವಾ ವಿಪತ್ತು ಸ್ಪಂದನಾ ಪಡೆಯ ಮೋಟಾರು ದೋಣಿ ಸ್ಥಳಕ್ಕೆ ಬರಬೇಕಾಗುತ್ತದೆ. ಅದು ನೀರಿನ ಮೇಲೆ ತೇಲಿಕೊಂಡು ಬರುವುದಿಲ್ಲ. ಟ್ರೈಲರ್ ಮೇಲೆ, ಸರಕು ವಾಹನದಲ್ಲಿ, ಕೊನೆಯ ಎರಡು-ಮೂರು ಕಿಲೋಮೀಟರ್ ಬಹುತೇಕ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬರುತ್ತದೆ. ಮೋಟಾರು ಕೆಡುವುದು ನೀರಿನಲ್ಲಿಯೇ ಎಂಬುದು ಸಾಮಾನ್ಯ ನಂಬಿಕೆ. ಆದರೆ ನೀರಿನ ಮೇಲೆ ಅರ್ಧ ಗಂಟೆ ಓಡುವ ಮೋಟಾರು, ಅದಕ್ಕೂ ಮುನ್ನ ಗುಂಡಿ-ಹಂಪುಗಳ ರಸ್ತೆಯಲ್ಲಿ ಒಂದರಿಂದ ಒಂದೂವರೆ ಗಂಟೆ ಕುಲುಕಾಡಿರುತ್ತದೆ ಎಂಬುದನ್ನು ಮರೆಯಲಾಗದು. ದೋಣಿ ತಲುಪಿಯೂ ಮೋಟಾರು ಚಾಲೂ ಆಗದಿದ್ದರೆ, ಸೆಳವಿನ ನೀರಿನಲ್ಲಿ ಆ ದೋಣಿಯಿಂದ ಯಾರನ್ನೂ ಕರೆತರಲು ಸಾಧ್ಯವಿಲ್ಲ.

ವಿಪತ್ತು ನಿರ್ವಹಣಾ ಅಧಿನಿಯಮ, 2005ರ 41ನೇ ಪ್ರಕರಣವು ವಿಪತ್ತು ನಿರ್ವಹಣೆಯ ಸಾಧನ ಸಾಮಗ್ರಿಗಳನ್ನು ತುರ್ತು ಸಮಯದಲ್ಲಿ ಕೂಡಲೇ ಬಳಸಲು ಸಿದ್ಧವಾಗಿರುವಂತೆ ಕಾಪಾಡುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರಗಳ ಮೇಲೂ ಇರಿಸಿದೆ. ದೋಣಿ ಪಂಚಾಯಿತಿಯದಲ್ಲದಿದ್ದರೂ ಅದು ಬರುವ ರಸ್ತೆ, ಇಳಿಯುವ ದಡ, ಹೊರುವ ಟ್ರ್ಯಾಕ್ಟರ್ ಮತ್ತು ಕೈಗೂಡಿಸುವ ಯುವಕರು ಪಂಚಾಯಿತಿ ವ್ಯಾಪ್ತಿಯವರೇ ಆಗಿರುತ್ತಾರೆ. ಆದುದರಿಂದ ಈ ವಿಷಯವನ್ನು ಯಂತ್ರ ನಡೆಸುವವರಿಗಷ್ಟೇ ಬಿಡದೆ ಪಂಚಾಯಿತಿಯ ಸಿಬ್ಬಂದಿ ಮತ್ತು ಸದಸ್ಯರೂ ತಿಳಿದಿರುವುದು ಅಗತ್ಯ.

ಮೋಟಾರಿನ ರಚನೆ ಮತ್ತು ಅದರ ಮೇಲೆ ಬೀಳುವ ಭಾರ

ಔಟ್‌ಬೋರ್ಡ್ ಮೋಟಾರನ್ನು ದೋಣಿಯ ಹಿಂಬದಿಯ ನೆಟ್ಟನೆಯ ಹಲಗೆಗೆ ಕ್ಲಾಂಪು ಅಥವಾ ಬೋಲ್ಟುಗಳಿಂದ ಬಿಗಿಯಲಾಗಿರುತ್ತದೆ. ಮೇಲೆ ಮುಚ್ಚಳದೊಳಗೆ ಎಂಜಿನ್, ನಡುವೆ ಉದ್ದನೆಯ ಕಾಲು, ಕೆಳಗೆ ಗೇರ್ ಪೆಟ್ಟಿಗೆ ಮತ್ತು ಪ್ರೊಪೆಲ್ಲರ್ ಇರುತ್ತವೆ. ಪ್ರೊಪೆಲ್ಲರಿನ ಕೆಳಗೆ ಮೀನಿನ ಈಜುರೆಕ್ಕೆಯಂತೆ ಚಾಚಿಕೊಂಡ ಲೋಹದ ತೆಳುವಾದ ರೆಕ್ಕೆಯೊಂದಿದ್ದು, ದೋಣಿ ರಸ್ತೆಯ ಮೇಲಿರುವಾಗ ನೆಲಕ್ಕೆ ಅತ್ಯಂತ ಸಮೀಪವಿರುವ ಭಾಗ ಅದೇ ಆಗಿರುತ್ತದೆ. ಆಳ ಕಡಿಮೆಯಿರುವಲ್ಲಿ ಮೋಟಾರನ್ನು ಹಿಂದಕ್ಕೆ ಮೇಲೆತ್ತಿ ನಿಲ್ಲಿಸಲು ಒಂದು ಕೀಲು ಮತ್ತು ಒಂದು ಸಣ್ಣ ಆಧಾರದ ಕೊಂಡಿ ಇರುತ್ತದೆ. ದೊಡ್ಡ ಮೋಟಾರುಗಳಲ್ಲಿ ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ.

ಮೋಟಾರು ನೆಟ್ಟಗಿರುವಾಗ ಅದರ ಭಾರ ಹಿಂಬದಿಯ ಹಲಗೆಗೆ ಸಮೀಪವಾಗಿರುತ್ತದೆ. ಮೇಲೆತ್ತಿದಾಗ ಅದೇ ಭಾರ ಹಿಂದಕ್ಕೆ ಸರಿಯುತ್ತದೆ. ಉದಾಹರಣೆಗೆ 70 ಕೆ.ಜಿ. ತೂಕದ ಮೋಟಾರನ್ನು ಎತ್ತಿ ನಿಲ್ಲಿಸಿದಾಗ ಅದರ ಭಾರಕೇಂದ್ರವು ಹಲಗೆಯಿಂದ 40 ಸೆಂ.ಮೀ. ದೂರದಲ್ಲಿದ್ದು, ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಅಂತರವಿದೆಯೆಂದು ಇಟ್ಟುಕೊಳ್ಳೋಣ. ವಾಹನ ನಿಂತಿರುವಾಗಲೇ ಮೇಲಿನ ಬೋಲ್ಟುಗಳು 140 ಕೆ.ಜಿ.ಯಷ್ಟು ಸೆಳೆತವನ್ನು ತಡೆಯಬೇಕಾಗುತ್ತದೆ. ಟ್ರೈಲರಿನ ಚಕ್ರ ಗುಂಡಿಗೆ ಬಿದ್ದು ಎದ್ದಾಗ ಆ ಕ್ಷಣದ ಭಾರ ಮೂರು ಪಟ್ಟಾದರೆ ಸೆಳೆತ 420 ಕೆ.ಜಿ. ಆಗುತ್ತದೆ. ಒಂದು ಬಾರಿ ಹೀಗಾದರೆ ಏನೂ ಆಗದಿರಬಹುದು. ದಾರಿಯುದ್ದಕ್ಕೂ ನೂರಾರು ಬಾರಿ ಆದಾಗ ಬೋಲ್ಟಿನ ತೂತು ಅಗಲವಾಗುತ್ತದೆ, ತೂತಿನೊಳಗೆ ನೀರಿಳಿದು ಹಲಗೆ ಕೊಳೆಯುತ್ತದೆ, ಕೀಲಿನ ಅಂಚು ಬಿರುಕು ಬಿಡುತ್ತದೆ. ಈ ಬಿರುಕು ಹೊರಗಿನಿಂದ ಎದ್ದು ಕಾಣುವಂಥದ್ದಲ್ಲ. ಪೂರ್ಣ ವೇಗದಲ್ಲಿ ಸೆಳವಿಗೆದುರಾಗಿ ಹೋಗುವಾಗಲೇ ಅದು ಬಯಲಾಗುತ್ತದೆ.

ಎತ್ತಬೇಕೆ, ಇಳಿಸಬೇಕೆ?

ದೋಣಿಯ ಮೇಲೆಯೇ ಮೋಟಾರನ್ನು ಬಿಟ್ಟು ಸಾಗಿಸುವುದಾದರೆ, ಓಡುವಾಗ ಇರುವಂತೆ ನೆಟ್ಟಗೆ ಇಳಿಸಿಟ್ಟು ಸಾಗಿಸುವುದು ಮೊದಲ ಆಯ್ಕೆಯಾಗಿರಬೇಕು. ಹಲಗೆಗೆ ಒತ್ತಡ ಕಡಿಮೆ, ಒಳಗಿನ ನೀರು ತಾನಾಗಿ ಬಸಿದು ಹೋಗುತ್ತದೆ, ಯಾವ ಆಧಾರವೂ ಬೇಕಿಲ್ಲ. ಅಡಚಣೆಯೆಂದರೆ ನೆಲದಿಂದ ದೊರೆಯುವ ಎತ್ತರ. ಸಮತಟ್ಟಾದ ಹೆದ್ದಾರಿಯಲ್ಲಿ ಸಾಕೆನಿಸುವ ಅಂತರ ಗ್ರಾಮದ ರಸ್ತೆಯಲ್ಲಿ ಸಾಲುವುದಿಲ್ಲ.

ಇದರ ಲೆಕ್ಕ ಸರಳವಾಗಿದೆ. ಟ್ರೈಲರಿನ ಕೊಕ್ಕೆಯಿಂದ ಚಕ್ರದವರೆಗೆ 4 ಮೀಟರ್, ಚಕ್ರದಿಂದ ಮೋಟಾರಿನ ರೆಕ್ಕೆಯವರೆಗೆ 2 ಮೀಟರ್ ಇದ್ದರೆ, ಎಳೆಯುವ ಜೀಪಿನ ಹಿಂಬದಿಯ ಚಕ್ರ ಹಂಪಿನ ಮೇಲೇರಿ ಕೊಕ್ಕೆ 12 ಸೆಂ.ಮೀ. ಮೇಲಕ್ಕೆದ್ದಾಗ ಹಿಂದಿನ ರೆಕ್ಕೆ 6 ಸೆಂ.ಮೀ. ಕೆಳಗಿಳಿಯುತ್ತದೆ. ಕೆರೆ ಏರಿಗೆ ಹತ್ತುವ ಇಳಿಜಾರಿನಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಎಂಟು ಮೀಟರಿಗೆ ಒಂದು ಮೀಟರ್ ಏರುವ ಇಳಿಜಾರನ್ನು ಜೀಪು ಮತ್ತು ಟ್ರೈಲರಿನ ಚಕ್ರಗಳು ಹತ್ತಿದ್ದು, ಮೋಟಾರು ಮಾತ್ರ ಇನ್ನೂ ಸಮತಟ್ಟು ನೆಲದ ಮೇಲಿರುವ ಕ್ಷಣದಲ್ಲಿ ರೆಕ್ಕೆಯ ಅಂತರ 25 ಸೆಂ.ಮೀ. ಕಡಿಮೆಯಾಗುತ್ತದೆ. ಹೊರಡುವಾಗ 30 ಸೆಂ.ಮೀ. ಇದ್ದದ್ದು ಅಲ್ಲಿ 5 ಸೆಂ.ಮೀ. ಆಗುತ್ತದೆ, ಒಂದು ಕಲ್ಲು ಅಡ್ಡವಿದ್ದರೂ ಸಾಕು, ರೆಕ್ಕೆ ಮುರಿಯುತ್ತದೆ ಅಥವಾ ಗೇರ್ ಪೆಟ್ಟಿಗೆ ಸೀಳುತ್ತದೆ. ಏರಿಗಳ ಮೇಲೆ ದೋಣಿ ಒಯ್ಯಬೇಕಾದ ಸೂಳೆಕೆರೆಯಂತಹ ಕಡೆ ಇದನ್ನು ಮೊದಲೇ ಅಳೆದು ನೋಡುವುದು ಲೇಸು.

ಹಂಪುಗಳ ವಿಚಾರವನ್ನು ಇಲ್ಲಿಯೇ ಹೇಳಬೇಕಾಗಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 99 ಮಾರ್ಗಸೂಚಿಯ ಪ್ರಕಾರ ಹಂಪು 10 ಸೆಂ.ಮೀ. ಎತ್ತರ ಮತ್ತು 3.7 ಮೀಟರ್ ಅಗಲದ ಮಟ್ಟಸವಾದ ಉಬ್ಬಾಗಿರಬೇಕು. ಗ್ರಾಮಗಳಲ್ಲಿ ಜನರೇ ಮಣ್ಣು ಸುರಿದು, ಸಿಮೆಂಟ್ ಕಟ್ಟಿ, ಕೆಲವೆಡೆ ಪೈಪ್ ಹೂತು ಮಾಡಿಕೊಂಡ ಉಬ್ಬುಗಳು ಈ ಅಳತೆಗೆ ಹತ್ತಿರವೂ ಬರುವುದಿಲ್ಲ. ಅಪಘಾತ ತಡೆಯಬೇಕೆಂಬ ಅವರ ಉದ್ದೇಶ ಸರಿಯಾಗಿಯೇ ಇದೆ; ಆದರೆ ಅದೇ ಉಬ್ಬು ಆಂಬ್ಯುಲೆನ್ಸಿಗೂ ರಕ್ಷಣಾ ದೋಣಿಗೂ ತೊಡಕಾಗುತ್ತದೆ. ನದಿ ದಡಕ್ಕೆ ಮತ್ತು ಕೆರೆ ಏರಿಗೆ ಹೋಗುವ ರಸ್ತೆಗಳಲ್ಲಾದರೂ ಮಳೆಗಾಲಕ್ಕೆ ಮುನ್ನ ಇವುಗಳನ್ನು ಪರಿಶೀಲಿಸಿ ಸರಿಪಡಿಸತಕ್ಕದ್ದು.

ಅಂತರ ಸಾಲದಿದ್ದಾಗ ಮೋಟಾರನ್ನು ಎತ್ತಲೇಬೇಕು. ಇಲ್ಲಿ ಹೆಚ್ಚಿನವರು ಮಾಡುವುದೇನೆಂದರೆ, ಮೋಟಾರಿನಲ್ಲಿಯೇ ಇರುವ ಆಧಾರದ ಕೊಂಡಿಯನ್ನು ಸಿಕ್ಕಿಸಿ ಹೊರಟುಬಿಡುವುದು. ಆ ಕೊಂಡಿ ಇರುವುದು ದೋಣಿಯನ್ನು ದಡದಲ್ಲಿ ಕಟ್ಟಿಹಾಕಿದಾಗ ಪ್ರೊಪೆಲ್ಲರ್ ನೀರಿನಿಂದ ಮೇಲಿರಲೆಂದು ಮಾತ್ರ. ರಸ್ತೆಯ ಕುಲುಕಾಟಕ್ಕೆ ಅದು ಜಾರಿ ಮೋಟಾರು ಏಕಾಏಕಿ ಕೆಳಗೆ ಬೀಳುತ್ತದೆ. ಸಾಗಿಸುವಾಗ ಅದನ್ನು ನೆಚ್ಚಬಾರದೆಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ. ಹೈಡ್ರಾಲಿಕ್ ಸಿಲಿಂಡರನ್ನಷ್ಟೇ ನಂಬುವುದೂ ಸರಿಯಲ್ಲ. ಸೀಲ್ ಹಳತಾದರೆ ಎಣ್ಣೆ ನಿಧಾನವಾಗಿ ಸೋರಿ ಮೋಟಾರು ದಾರಿಯಲ್ಲೇ ಇಳಿಯತೊಡಗುತ್ತದೆ. ಎತ್ತಿ ನಿಲ್ಲಿಸಿದ ಮೋಟಾರಿನ ಅಡಿಯಲ್ಲಿ ತಲೆ ಅಥವಾ ಕೈ ಇಟ್ಟು ಯಾವುದನ್ನೂ ಸರಿಪಡಿಸಕೂಡದು.

ಸರಿಯಾದ ವಿಧಾನವೆಂದರೆ ಆಧಾರದ ಕಂಬಿಯನ್ನು ಬಳಸುವುದು. ಇದು ಒಂದು ಗಟ್ಟಿಯಾದ ಕೊಳವೆ. ಇದರ ಒಂದು ತುದಿ ಟ್ರೈಲರಿನ ಹಿಂಬದಿಯ ಅಡ್ಡಪಟ್ಟಿಗೆ ಪಿನ್ನಿನಿಂದ ಸೇರಿರುತ್ತದೆ, ಇನ್ನೊಂದು ತುದಿಯಲ್ಲಿರುವ ಕವೆಯಾಕಾರದ ತಲೆಯು ಮೋಟಾರಿನ ಕಾಲನ್ನು ಗೇರ್ ಪೆಟ್ಟಿಗೆಯ ಮೇಲ್ಭಾಗದಲ್ಲಿ ಹಿಡಿಯುತ್ತದೆ. ಮೋಟಾರನ್ನು ಅಗತ್ಯವಿರುವಷ್ಟೇ ಎತ್ತಿ, ಕಂಬಿ ಕೂರಿಸಿ, ಬಳಿಕ ಮೋಟಾರನ್ನು ನಿಧಾನವಾಗಿ ಇಳಿಸಿ ಅದರ ಮೇಲೆ ಬಿಗಿಯಾಗಿ ಒರಗುವಂತೆ ಮಾಡಬೇಕು. ನಂತರ ರಬ್ಬರ್ ಪಟ್ಟಿ ಅಥವಾ ಬೆಲ್ಟಿನಿಂದ ಎರಡನ್ನೂ ಸೇರಿಸಿ ಕಟ್ಟಬೇಕು. ಆಗ ಭಾರವು ದೋಣಿಯ ಹಲಗೆಯ ಮೇಲಲ್ಲದೆ ಟ್ರೈಲರಿನ ಚಾಸಿಗೆ ಹೋಗುತ್ತದೆ. ತಾಲ್ಲೂಕು ಕೇಂದ್ರದ ಯಾವುದೇ ವೆಲ್ಡಿಂಗ್ ಅಂಗಡಿಯಲ್ಲಿ ಜಿಐ ಪೈಪು ಮತ್ತು ಪಟ್ಟಿಯಿಂದ ಇದನ್ನು ಮಾಡಿಸಬಹುದು. ಕವೆಯ ಒಳಭಾಗಕ್ಕೆ ಹಳೆಯ ಟಯರಿನ ರಬ್ಬರನ್ನು ಹೊದಿಸಿದರೆ ಸಾಕು. ಅಳತೆಯನ್ನು ಮಾತ್ರ ಆಯಾ ಟ್ರೈಲರ್ ಮತ್ತು ಮೋಟಾರನ್ನು ಅಂಗಡಿಯ ಮುಂದೆ ನಿಲ್ಲಿಸಿಯೇ ತೆಗೆದುಕೊಳ್ಳತಕ್ಕದ್ದು.

ಕಂಬಿಯಿಂದಲೂ ಹಾನಿಯಾಗುವ ಸಂದರ್ಭವೊಂದಿದೆ. ದೋಣಿಯ ಹಿಂಭಾಗವನ್ನು ಟ್ರೈಲರಿಗೆ ಬಿಗಿಯದೆ ಬಿಟ್ಟಿದ್ದರೆ, ಪ್ರತಿ ಗುಂಡಿಗೂ ದೋಣಿ ಮೇಲೆದ್ದು ಕೆಳಗೆ ಬೀಳುತ್ತದೆ, ಕಂಬಿ ಮಾತ್ರ ಟ್ರೈಲರಿನೊಡನೆ ನಿಂತಿರುತ್ತದೆ. ಆಗ ಆ ಕಂಬಿಯು ಸುತ್ತಿಗೆಯಂತೆ ಮೋಟಾರನ್ನು ಕುಟ್ಟುತ್ತದೆ. ಹೀಗಾಗಿ ಮೊದಲು ದೋಣಿಯ ಹಿಂಬದಿಯ ಎರಡೂ ಮೂಲೆಗಳನ್ನು ರ‍್ಯಾಚೆಟ್ ಬೆಲ್ಟಿನಿಂದ ಬಿಗಿದು, ಆಮೇಲೆ ಕಂಬಿ ಕೂರಿಸುವುದು ಕ್ರಮ. ಮೂತಿಯ ಹಗ್ಗವೊಂದನ್ನೇ ಕಟ್ಟಿ ಹೊರಡುವುದು ಎಷ್ಟೇ ಅವಸರವಿದ್ದರೂ ಸಲ್ಲದು.

ಗಾಳಿ ತುಂಬುವ ರಬ್ಬರ್ ದೋಣಿಗಳು

ಪ್ರವಾಹ ರಕ್ಷಣೆಯಲ್ಲಿ ಬಳಕೆಯಾಗುವ ದೋಣಿಗಳಲ್ಲಿ ಹೆಚ್ಚಿನವು ಗಾಳಿ ತುಂಬುವ ರಬ್ಬರ್ ದೋಣಿಗಳೇ. ಇವುಗಳಿಗೆ ಮೇಲಿನ ಕಂಬಿಯ ವಿಧಾನ ಹೊಂದುವುದಿಲ್ಲ. ಇವುಗಳ ಹಿಂಬದಿಯ ಹಲಗೆಯನ್ನು ಗಾಳಿಚೀಲಗಳಿಗೆ ಅಂಟಿನಿಂದ ಜೋಡಿಸಿರುತ್ತಾರೆ. ಬೆಳಗಿನ ತಂಪಿನಲ್ಲಿ ಬಿಗಿಯಾಗಿದ್ದ ಗಾಳಿಚೀಲ ಮಧ್ಯಾಹ್ನದ ಬಿಸಿಲಿಗೆ ಉಬ್ಬುತ್ತದೆ, ಮಳೆ ಬಂದೊಡನೆ ಸಡಿಲಗೊಳ್ಳುತ್ತದೆ. ಚೀಲದ ಜೊತೆ ಹಲಗೆಯೂ ಅಲುಗಾಡುತ್ತಿದ್ದು, ಮೋಟಾರಿನ ಭಾರವು ಅಂಟನ್ನು ಸ್ವಲ್ಪ ಸ್ವಲ್ಪವೇ ಕೀಳುತ್ತದೆ. ಆದುದರಿಂದ ರಬ್ಬರ್ ದೋಣಿಯನ್ನು ಊರಿಂದೂರಿಗೆ ಒಯ್ಯುವಾಗ ಮೋಟಾರನ್ನು ಬಿಚ್ಚಿ ಬೇರೆಯಾಗಿಯೇ ಒಯ್ಯುವುದು ಸೂಕ್ತ. ಬಿಚ್ಚಿ ಮತ್ತೆ ಕೂರಿಸಲು ತಗಲುವ ಹತ್ತು-ಹದಿನೈದು ನಿಮಿಷವನ್ನು ಉಳಿಸಲು ಹೋಗಿ ದೋಣಿಯನ್ನೇ ಕಳೆದುಕೊಳ್ಳುವುದು ಲೆಕ್ಕಾಚಾರಕ್ಕೆ ಒಪ್ಪುವ ಮಾತಲ್ಲ.

ಬಿಚ್ಚಿದ ಮೋಟಾರನ್ನು ಸಾಗಿಸುವುದರಲ್ಲಿ ಹೆಚ್ಚಿನ ತಪ್ಪುಗಳಾಗುವುದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ನೀರಿನಿಂದ ತೆಗೆದ ಮೋಟಾರಿನ ಒಳಗೆ ತಂಪುಗೊಳಿಸುವ ನೀರು ಉಳಿದಿರುತ್ತದೆ. ನೆಟ್ಟಗೆ ಹಿಡಿದರೆ ಅದು ಕೆಳಗೆ ಬಸಿದು ಹೋಗುತ್ತದೆ. ಬಸಿಯುವ ಮುನ್ನವೇ ಮೋಟಾರನ್ನು ಮಲಗಿಸಿದರೆ, ಅದರಲ್ಲೂ ಪ್ರೊಪೆಲ್ಲರ್ ಭಾಗವು ಎಂಜಿನ್ನಿಗಿಂತ ಎತ್ತರವಾಗುವಂತೆ ಮಲಗಿಸಿದರೆ, ಆ ನೀರು ಹೊಗೆ ಹೋಗುವ ದಾರಿಯಿಂದ ಸಿಲಿಂಡರಿಗೆ ಇಳಿಯುತ್ತದೆ. ನೀರು ಒತ್ತಡಕ್ಕೆ ಕುಗ್ಗುವ ವಸ್ತುವಲ್ಲ. ಹಾಗೆಯೇ ಹಗ್ಗ ಎಳೆದು ಚಾಲೂ ಮಾಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುವುದುಂಟು. ನಾಲ್ಕು ಸ್ಟ್ರೋಕಿನ ಮೋಟಾರಿನಲ್ಲಿ ಇನ್ನೊಂದು ತೊಡಕಿದೆ: ತಪ್ಪು ಬದಿಗೆ ಮಲಗಿಸಿದರೆ ಎಂಜಿನ್ ಆಯಿಲ್ ಸಿಲಿಂಡರಿಗೂ ಗಾಳಿಯ ದಾರಿಗೂ ಹರಿಯುತ್ತದೆ. ಯಾವ ಬದಿಗೆ ಮಲಗಿಸಬಹುದೆಂಬುದು ಕೈಪಿಡಿಯಲ್ಲಿ ಇರುತ್ತದೆ. ಆ ಬದಿಯನ್ನು ಮೋಟಾರಿನ ಮುಚ್ಚಳದ ಮೇಲೆಯೇ ಬಣ್ಣದಿಂದ ಕನ್ನಡದಲ್ಲಿ ಬರೆದಿಡುವುದು ಒಳ್ಳೆಯದು. ಕೈಪಿಡಿ ಕಚೇರಿಯ ಬೀರುವಿನಲ್ಲಿರುತ್ತದೆ, ಮೋಟಾರು ರಾತ್ರಿ ಎರಡು ಗಂಟೆಗೆ ಸಾಸ್ವೆಹಳ್ಳಿ ಹೋಬಳಿಯ ಯಾವುದೋ ಊರಿನಲ್ಲಿರುತ್ತದೆ.

ಮಲಗಿಸುವುದಕ್ಕಿಂತ ನೆಟ್ಟಗೆ ನಿಲ್ಲಿಸಿ ಸಾಗಿಸುವುದೇ ಮೇಲು. ಎರಡು ಮರದ ಕಾಲುಗಳ ನಡುವೆ ದಪ್ಪನೆಯ ಅಡ್ಡಹಲಗೆ ಹಾಕಿ ಮಾಡಿದ ಚೌಕಟ್ಟನ್ನು ವಾಹನದ ತಳಕ್ಕೆ ಬೋಲ್ಟ್ ಮಾಡಿ, ದೋಣಿಗೆ ಬಿಗಿದಂತೆಯೇ ಮೋಟಾರನ್ನು ಅದಕ್ಕೆ ಬಿಗಿಯಬೇಕು. ರೆಕ್ಕೆ ತಳಕ್ಕೆ ತಾಗದಂತೆ ಒಂದು ಗೇಣಿನಷ್ಟಾದರೂ ಅಂತರವಿರಲಿ. ಚೌಕಟ್ಟು ಇಲ್ಲದೆ ಟ್ರ್ಯಾಕ್ಟರ್ ಟ್ರಾಲಿಯಲ್ಲೇ ಒಯ್ಯಬೇಕಾಗಿ ಬಂದಲ್ಲಿ, ನೀರು ಪೂರ್ಣ ಬಸಿದ ಮೇಲೆ, ಭತ್ತದ ಹುಲ್ಲಿನ ದಪ್ಪನೆಯ ಹಾಸಿನ ಮೇಲೆ ನಿಗದಿತ ಬದಿಗೆ ಮಲಗಿಸಿ, ಎಂಜಿನ್ ಭಾಗವು ಪ್ರೊಪೆಲ್ಲರಿಗಿಂತ ಎತ್ತರವಾಗಿರುವಂತೆ ಅದರ ಅಡಿಗೆ ಹುಲ್ಲು ತುಂಬಿದ ಗೋಣಿಚೀಲ ಇಡಬೇಕು. ಎತ್ತುವಾಗ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಹಿಡಿದು ಎತ್ತಬಾರದು. ಅದರ ಚಿಲಕ ಇಷ್ಟು ಭಾರಕ್ಕೆ ಮಾಡಿದ್ದಲ್ಲ. ಮೋಟಾರಿಗೆ ಹಿಡಿಕೆಗಳಿದ್ದು, ತೂಕವನ್ನು ನೋಡಿ ಇಬ್ಬರು ಅಥವಾ ಮೂವರು ಎತ್ತತಕ್ಕದ್ದು.

ತುಂಗಭದ್ರೆಯ ದಡದಲ್ಲಿ ತಲೆಮಾರುಗಳಿಂದ ಬಳಕೆಯಲ್ಲಿರುವ ಹರಿಗೋಲಿಗೆ ಇದಾವುದರ ಉಸಾಬರಿಯೂ ಇಲ್ಲ. ಅದನ್ನು ಕವುಚಿ ತಲೆಯ ಮೇಲೆ ಹೊತ್ತು ಒಯ್ಯುತ್ತಾರೆ. ಆದರೆ ಏರಿದ ನದಿಯಲ್ಲಿ ಹರಿಗೋಲನ್ನು ಇಳಿಸುವುದು ಜೀವಕ್ಕೆ ಎರವಾಗುವ ಕೆಲಸವಾದ್ದರಿಂದ ಮೋಟಾರು ದೋಣಿಗೆ ಕಾಯಲೇಬೇಕಾಗುತ್ತದೆ.

ಹೊರಡುವ ಮುನ್ನ

ಕ್ಲಾಂಪಿನ ಎರಡೂ ತಿರುಪುಗಳನ್ನು ಕೈಯಿಂದ ಬಿಗಿದು, ಮೋಟಾರಿನಿಂದ ದೋಣಿಗೆ ಒಂದು ಸರಪಳಿ ಅಥವಾ ಗಟ್ಟಿ ಹಗ್ಗವನ್ನು ಪ್ರತ್ಯೇಕವಾಗಿ ಕಟ್ಟಬೇಕು. ಕುಲುಕಾಟಕ್ಕೆ ತಿರುಪು ಸಡಿಲವಾಗುವುದು ಸಹಜ. ಸರಪಳಿ ಇದ್ದರೆ ಮೋಟಾರು ರಸ್ತೆಗೆ ಬೀಳುವುದಿಲ್ಲ. ಸ್ಟೀರಿಂಗ್ ಹಿಡಿಯನ್ನು ನೇರವಾಗಿರಿಸಿ ಕಟ್ಟದಿದ್ದರೆ ಮೋಟಾರು ಎಡಕ್ಕೂ ಬಲಕ್ಕೂ ಹೊಯ್ದಾಡುತ್ತದೆ. ಹಿಂದಕ್ಕೆ ಚಾಚಿದ ಪ್ರೊಪೆಲ್ಲರಿಗೆ ಗೋಣಿಚೀಲ ಸುತ್ತಿ, ಹಗಲಿಗೆ ಕೆಂಪು ಬಟ್ಟೆ, ರಾತ್ರಿಗೆ ಕೆಂಪು ದೀಪ ಕಟ್ಟಬೇಕು; ಹಿಂದೆ ಬರುವ ದ್ವಿಚಕ್ರ ಸವಾರರ ಮುಖದ ಎತ್ತರದಲ್ಲಿಯೇ ಅದರ ಅಲಗುಗಳಿರುತ್ತವೆ.

ಇಂಧನದ ಕೊಳವೆಯನ್ನು ಮೋಟಾರಿನಿಂದ ಬಿಚ್ಚಿ, ಟ್ಯಾಂಕಿನ ಗಾಳಿ ತಿರುಪನ್ನು ಮುಚ್ಚಿ, ಟ್ಯಾಂಕನ್ನು ಅಲುಗದಂತೆ ಮುಂಭಾಗದಲ್ಲಿ ಕಟ್ಟಬೇಕು. ಇದಕ್ಕೆ ಎರಡು ಕಾರಣಗಳಿವೆ. ಕುಲುಕಾಟದಲ್ಲಿ ಪೆಟ್ರೋಲ್ ಸೋರಿ ಬೆಂಕಿಯ ಅಪಾಯ ಉಂಟಾಗಬಹುದು. ಎರಡನೆಯದಾಗಿ, ಹಿಂಭಾಗದಲ್ಲಿ ಮೋಟಾರಿನ ಭಾರ ಇರುವುದರಿಂದ ಟ್ರೈಲರಿನ ಮೂತಿ ಹಗುರವಾಗಿ ವಾಹನವು ವೇಗದಲ್ಲಿ ಬಾಲ ಅಲ್ಲಾಡಿಸತೊಡಗುತ್ತದೆ. ಟ್ಯಾಂಕ್ ಮತ್ತು ಇತರ ಸಾಮಗ್ರಿಗಳು ಮುಂದೆ ಇದ್ದರೆ ಮೂತಿಗೆ ಭಾರ ಬರುತ್ತದೆ. ದೋಣಿಯೊಳಗೆ ಯುವಕರನ್ನು ಕೂರಿಸಿಕೊಂಡು ಸಾಗಿಸುವುದನ್ನು ಯಾವ ಕಾರಣಕ್ಕೂ ಅನುಮತಿಸಬಾರದು.

ಜಗಳೂರಿನ ಕಡೆಯ ಮಣ್ಣು ರಸ್ತೆಗಳಲ್ಲಿ ಬೇಸಿಗೆಯ ಧೂಳು ಮೋಟಾರಿನ ದೊಡ್ಡ ಶತ್ರು. ಗ್ರೀಸ್ ಹಚ್ಚಿದ ಕೀಲುಗಳ ಮೇಲೆ ಧೂಳು ಕೂತರೆ ಅದು ಸಾಣೆ ಕಲ್ಲಿನಂತೆ ಲೋಹವನ್ನು ಸವೆಸುತ್ತದೆ. ದಪ್ಪನೆಯ ಕ್ಯಾನ್ವಾಸ್ ಹೊದಿಕೆಯನ್ನು ಮೈಗಂಟುವಂತೆ ಕಟ್ಟಬೇಕು. ಸಡಿಲವಾದ ತಾಡಪಾಲು ಗಾಳಿಗೆ ಬಡಿದುಕೊಳ್ಳುತ್ತ ಬಣ್ಣವನ್ನೂ ವೈರುಗಳನ್ನೂ ಉಜ್ಜಿ ಹಾಳುಮಾಡುತ್ತದೆ.

ಮೋಟಾರಿನ ತುರ್ತು ನಿಲುಗಡೆಯ ಕೆಂಪು ದಾರಕ್ಕೆ ವಿಶೇಷ ಗಮನ ಬೇಕು. ಚಾಲಕರು ನೀರಿಗೆ ಬಿದ್ದರೆ ಮೋಟಾರು ತಾನಾಗಿ ನಿಲ್ಲಲೆಂದು ಇರುವ ಈ ದಾರದ ಕ್ಲಿಪ್ ಸ್ವಿಚ್ಚಿನಲ್ಲಿ ಇಲ್ಲದಿದ್ದರೆ ಮೋಟಾರು ಚಾಲೂ ಆಗುವುದೇ ಇಲ್ಲ. ಅಂಗೈಯಗಲದ ಈ ವಸ್ತು ದಾರಿಯಲ್ಲಿ ಬಿದ್ದು ಹೋದರೆ ಉಳಿದೆಲ್ಲ ಜೋಪಾನವೂ ವ್ಯರ್ಥ. ಅದನ್ನು ಮೋಟಾರಿನಲ್ಲಿ ಬಿಡದೆ, ಬಿಡಿ ಸ್ಪಾರ್ಕ್ ಪ್ಲಗ್, ಪ್ಲಗ್ ಸ್ಪ್ಯಾನರ್, ಪ್ರೊಪೆಲ್ಲರಿನ ಪಿನ್ನು ಮತ್ತು ಒಂದು ಹೆಚ್ಚುವರಿ ದಾರದೊಡನೆ ಒಂದೇ ಡಬ್ಬಿಯಲ್ಲಿಟ್ಟು, ಡಬ್ಬಿಯನ್ನು ಜವಾಬ್ದಾರಿಯುತ ಒಬ್ಬರ ಕೈಗೆ ಕೊಡಬೇಕು.

ಹೊರಟು ಹತ್ತು ಕಿಲೋಮೀಟರ್ ಆದೊಡನೆ ಒಮ್ಮೆ ನಿಂತು ಬೆಲ್ಟು, ತಿರುಪು, ಕಂಬಿಗಳನ್ನು ಮುಟ್ಟಿ ನೋಡತಕ್ಕದ್ದು. ಹೊಸದಾಗಿ ಬಿಗಿದ ಬೆಲ್ಟು ಮೊದಲ ಕೆಲವು ಕಿಲೋಮೀಟರಿನಲ್ಲೇ ಹೆಚ್ಚು ಸಡಿಲವಾಗುತ್ತದೆ. ಟ್ರೈಲರಿನ ಚಕ್ರದ ಗುಂಬವನ್ನೂ ಆಗ ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಬೇರಿಂಗಿಗೆ ಗ್ರೀಸ್ ಇಲ್ಲವೆಂದು ತಿಳಿಯಬೇಕು. ಗ್ರಾಮೀಣ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ಮೀರದಿರುವುದು ಕ್ಷೇಮ, ಐದು ನಿಮಿಷ ತಡವಾಗಿ ಬಂದ ದೋಣಿ ಕೆಲಸಕ್ಕೆ ಬರುತ್ತದೆ.

ದಡದಲ್ಲಿ

ಸ್ಥಳ ತಲುಪಿದ ಕೂಡಲೇ ಟ್ರೈಲರನ್ನು ನೀರಿಗೆ ಇಳಿಸಬಾರದು. ಬಿಸಿಯಾದ ಚಕ್ರದ ಗುಂಬ ತಣ್ಣನೆಯ ನೀರಿನಲ್ಲಿ ಮುಳುಗಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಬೇರಿಂಗಿಗೆ ಎಳೆದುಕೊಳ್ಳುತ್ತದೆ. ಗುಂಬ ಆರುವ ಆ ಕೆಲವು ನಿಮಿಷಗಳನ್ನು ಮೋಟಾರಿನ ತಪಾಸಣೆಗೆ ಬಳಸಿಕೊಳ್ಳಬಹುದು: ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ನೋಡುವುದು, ಕೀಲು ಮತ್ತು ಹಲಗೆಯಲ್ಲಿ ಹೊಸ ಬಿರುಕಿದೆಯೇ ಪರೀಕ್ಷಿಸುವುದು, ಇಂಧನದ ಕೊಳವೆ ಜೋಡಿಸಿ ಗಾಳಿ ತಿರುಪು ತೆರೆದು ರಬ್ಬರ್ ಬುಗ್ಗೆಯನ್ನು ಗಟ್ಟಿಯಾಗುವವರೆಗೆ ಒತ್ತುವುದು. ಗಾಳಿ ತಿರುಪನ್ನು ತೆರೆಯಲು ಮರೆತರೆ ಮೋಟಾರು ಚಾಲೂ ಆಗಿ ಕೆಲವು ನಿಮಿಷದಲ್ಲಿ ನಿಂತುಬಿಡುತ್ತದೆ; ಅಷ್ಟರಲ್ಲಿ ದೋಣಿ ನಡುನೀರಿನಲ್ಲಿರುತ್ತದೆ.

ನೀರಿಲ್ಲದೆ ಮೋಟಾರನ್ನು ಪರೀಕ್ಷೆಗೆಂದೂ ಚಾಲೂ ಮಾಡಕೂಡದು. ಒಳಗಿನ ನೀರೆತ್ತುವ ರಬ್ಬರ್ ಚಕ್ರಕ್ಕೆ ನೀರೇ ಎಣ್ಣೆಯಿದ್ದಂತೆ. ಒಣಗಿದ್ದಾಗ ಅದು ಕೆಲವೇ ಕ್ಷಣಗಳಲ್ಲಿ ಸುಟ್ಟು ಹರಿಯುತ್ತದೆ. ನೀರಿಗಿಳಿಸಿ ಚಾಲೂ ಮಾಡಿದ ಮೇಲೆ ಮೋಟಾರಿನ ಹಿಂಬದಿಯ ಸಣ್ಣ ತೂತಿನಿಂದ ನೀರಿನ ಧಾರೆ ಚಿಮ್ಮುತ್ತಿದೆಯೇ ನೋಡಬೇಕು. ಧಾರೆ ಇಲ್ಲದಿದ್ದರೆ ತಕ್ಷಣ ನಿಲ್ಲಿಸಬೇಕು.

ಮರಳಿ ಬರುವಾಗ

ಕಾರ್ಯಾಚರಣೆ ಮುಗಿದ ಮೇಲೆ ಎಲ್ಲರೂ ದಣಿದಿರುತ್ತಾರೆ. ಮೋಟಾರಿಗೆ ಹೆಚ್ಚಿನ ಹಾನಿ ಆಗ ಆಗುತ್ತದೆ. ಪ್ರವಾಹದ ನೀರಿನಲ್ಲಿ ಮರಳು ಮತ್ತು ಹೂಳು ಬೆರೆತಿರುತ್ತದೆ. ಅದು ಒಳಗಿನ ದಾರಿಯಲ್ಲಿಯೇ ಒಣಗಿದರೆ ಮುಂದಿನ ಬಾರಿ ತಂಪುಗೊಳಿಸುವ ನೀರು ಏರುವುದಿಲ್ಲ. ಠಾಣೆಗೆ ಅಥವಾ ಪಂಚಾಯಿತಿ ಕಚೇರಿಯ ನಲ್ಲಿಗೆ ಬಂದು, ನೀರು ಸೇರುವ ಕಿಂಡಿಗೆ ಪೈಪಿನ ಕಿವಿಮುಚ್ಚಳ ಜೋಡಿಸಿ, ಶುದ್ಧ ನೀರು ಬಿಟ್ಟು, ನ್ಯೂಟ್ರಲ್‌ನಲ್ಲಿ ಹತ್ತು ನಿಮಿಷ ನಡೆಸಬೇಕು. ಆ ಬಳಿಕ ನೆಟ್ಟಗೆ ನಿಲ್ಲಿಸಿ ಬಸಿಯಲು ಬಿಡಬೇಕು.

ಸೂಳೆಕೆರೆಯಂತಹ ಮೀನುಗಾರಿಕೆಯ ಕೆರೆಗಳಲ್ಲಿ ಕೆಲಸ ಮಾಡಿದ ಮೋಟಾರಿನ ಪ್ರೊಪೆಲ್ಲರನ್ನು ಬಿಚ್ಚಿ ನೋಡುವುದು ಕಡ್ಡಾಯವಾಗಲಿ. ಬಲೆಯ ನೈಲಾನ್ ಎಳೆ ಪ್ರೊಪೆಲ್ಲರಿನ ಹಿಂದೆ ಸುತ್ತಿಕೊಂಡು ಸೀಲನ್ನು ಕೊಯ್ಯುತ್ತದೆ, ಅಲ್ಲಿಂದ ನೀರು ಗೇರ್ ಪೆಟ್ಟಿಗೆಗೆ ಇಳಿಯುತ್ತದೆ. ಗೇರ್ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದೇ ಅರ್ಥ. ಎಣ್ಣೆ ಬದಲಿಸುವ ಕೆಲಸವನ್ನು ದಡದಲ್ಲಿ ಮಾಡಬಾರದು. ಚಿತ್ರದುರ್ಗದವರೆಗೂ ಕುಡಿಯುವ ನೀರು ಹೋಗುವುದು ಈ ಕೆರೆಯಿಂದಲೇ.

ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಎಥೆನಾಲ್ ಬೆರೆತಿರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ; ತಿಂಗಳುಗಟ್ಟಲೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ಉಳಿದರೆ ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಮೋಟಾರಿನ ಕೊಳವೆ ಎಳೆದುಕೊಳ್ಳುವುದೂ ತಳದಿಂದಲೇ. ಆದುದರಿಂದ ಮರಳಿ ಬಂದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬ್ಯುರೇಟರಿನಲ್ಲಿ ಉಳಿದಿರುವುದನ್ನು ಓಡಿಸಿ ಮುಗಿಸಬೇಕು. ಖಾಲಿ ಮಾಡಿದ ಪೆಟ್ರೋಲನ್ನು ಕಚೇರಿಯ ಯಾವುದೇ ವಾಹನಕ್ಕೆ ಹಾಕುವ ಮುನ್ನ, ಅದರಲ್ಲಿ ಎರಡು ಸ್ಟ್ರೋಕ್ ಎಣ್ಣೆ ಬೆರೆತಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು.

ಪ್ರತಿ ಗ್ರಾಮ ಪಂಚಾಯಿತಿಯು ಮುಂಗಾರಿಗೆ ಮುನ್ನ ತನ್ನ ವ್ಯಾಪ್ತಿಯಲ್ಲಿ ದೋಣಿ ಇಳಿಸಲು ಯೋಗ್ಯವಾದ ಒಂದೆರಡು ಜಾಗಗಳನ್ನು ಗುರುತಿಸಿ, ಅಲ್ಲಿಗೆ ಹೋಗುವ ದಾರಿಯ ಇಳಿಜಾರು, ಹಂಪು, ಗುಂಡಿಗಳನ್ನು ಅಳೆದು, ಟ್ರ್ಯಾಕ್ಟರ್ ಒದಗಿಸಬಲ್ಲವರ ಹೆಸರಿನೊಡನೆ ಒಂದು ಹಾಳೆಯಲ್ಲಿ ಬರೆದು ತಾಲ್ಲೂಕು ಕೇಂದ್ರದ ಅಗ್ನಿಶಾಮಕ ಠಾಣೆಗೂ ತಹಶೀಲ್ದಾರರ ಕಚೇರಿಗೂ ನೀಡತಕ್ಕದ್ದು. ದೋಣಿ ಕರೆಸಬೇಕಾದಾಗ 112 ಅಥವಾ ಜಿಲ್ಲಾ ತುರ್ತು ಕಾರ್ಯಾಚರಣೆ ಕೇಂದ್ರದ 1077 ಸಂಖ್ಯೆಗೆ ಕರೆ ಮಾಡಿ, ಊರಿನ ಹೆಸರಿನ ಜೊತೆಗೆ ಈ ಹಾಳೆಯಲ್ಲಿರುವ ದಾರಿಯನ್ನೇ ತಿಳಿಸಬೇಕು. ಮೋಟಾರನ್ನು ಇಳಿಸಿಕೊಂಡು ಬರಬಹುದೇ, ಎತ್ತಿಕೊಂಡು ಬರಬೇಕೇ, ಬಿಚ್ಚಿಯೇ ತರಬೇಕೇ ಎಂಬುದನ್ನು ಹೊರಡುವವರು ಅದರ ಮೇಲಿಂದಲೇ ನಿರ್ಧರಿಸುತ್ತಾರೆ.